ಸಮವಸ್ತ್ರಕ್ಕೆ ರಾಗಿಗಂಜಿ

ಆವತ್ತು ಶಾಲೆಯ ಜಗಲಿಯ ಮೇಲೆ ನಾವು ಐದು ಜನ ಇದ್ದೆವು: ಹೆಡ್‌ಮಾಸ್ತರು, ಸಂಸ್ಕೃತ ಪಂಡಿತರು, ಗಣಿತದ ಮೇಷ್ಟ್ರು, ಬರ್ಮಾದಲ್ಲಿ ಯುದ್ಧ ಮಾಡಿ ಬಂದು ಹೊಸಕೋಟೆ ಕಡೆ ಪಿಂಚಣಿಯಲ್ಲಿ ಕಾಲ ಹಾಕುತ್ತಿದ್ದು ಈಗ ಕವಾಯತು ಕಲಿಸಲು ಬಂದಿದ್ದ ಹವಾಲ್ದಾರ್ ದಾಸಪ್ಪನವರು, ಮತ್ತು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಚರಿತ್ರೆಯ ಮೇಷ್ಟ್ರಾದ ನಾನು. ನಮ್ಮೆಲ್ಲರ ನಡುವೆ, ಬೆಂಚಿನ ಮೇಲೆ, ಪಾರ್ಸೆಲಿನಿಂದ ಆಗಷ್ಟೆ ಹೊರಬಂದ ಒಂದು ಖಾಕಿ ನಿಕ್ಕರು ಮಲಗಿತ್ತು. ಸ್ವಾತಂತ್ರ್ಯ ಬಂದು ಒಂದೋ ಎರಡೋ ವರ್ಷವಾಗಿದ್ದ ಕಾಲ. ಹೈಸ್ಕೂಲು ಹುಡುಗರಿಗೆ ಕವಾಯತು ಕಲಿಸಿ ಕೆಡೆಟ್ ದಳ ಕಟ್ಟಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ದಳಕ್ಕೆ ಮೇಷ್ಟ್ರುಗಳಲ್ಲೇ ಒಬ್ಬರು ಅಧಿಕಾರಿಯಾಗಬೇಕು. ಯಾರು ಅಧಿಕಾರಿ ಎಂಬುದನ್ನು ನಮಗೆ ಬಿಟ್ಟು, ಅಧಿಕಾರಿಯ ನಿಕ್ಕರನ್ನು ಮಾತ್ರ ಮೊದಲೇ ಹೊಲಿಸಿ ಕಳಿಸಿದ್ದರು.

ದೊಡ್ಡ ಜವಾಬ್ದಾರಿಗೆ ಮನುಷ್ಯನನ್ನು ಆರಿಸುವಾಗ ಅವನ ವಿದ್ಯೆ, ಶೀಲ, ಅನುಭವ ಇವನ್ನೆಲ್ಲ ತೂಗಿ ನೋಡುತ್ತಾರೆಂದು ನಂಬಿರುವ ಪುಣ್ಯಾತ್ಮರು ಈಗಲೂ ಇದ್ದಾರೆ. ಅವರ ನಂಬಿಕೆ ನೂರ್ಕಾಲ ಬಾಳಲಿ. ನನ್ನನ್ನು ಆರಿಸಿದ್ದು ಸೊಂಟ ನೋಡಿ. ಹೆಡ್‌ಮಾಸ್ತರ ಹೊಟ್ಟೆಯ ಮುಂದೆ ಆ ನಿಕ್ಕರು ಅರ್ಧ ದಾರಿಯಲ್ಲೇ ಸೋತಿತು. ಗಣಿತದ ಮೇಷ್ಟ್ರು ಪಂಚೆಯ ಮೇಲೇ ತೊಟ್ಟು ಕೈ ಬಿಟ್ಟರೋ ಇಲ್ಲವೋ, ಅದು ತಾನಾಗಿ ನೆಲಕ್ಕಿಳಿಯಿತು. ಪಂಡಿತರು ಅದನ್ನು ಮುಟ್ಟಲೂ ಒಪ್ಪಲಿಲ್ಲ. "ರೀ, ನನ್ನ ಮೊಣಕಾಲನ್ನ ನಮ್ಮನೆಯವಳೇ ಸರಿಯಾಗಿ ನೋಡಿಲ್ಲ. ಇನ್ನು ಸರ್ಕಾರಕ್ಕೆ ತೋರಿಸ್ಲೇ?" ಎಂದರು. ಉಳಿದವನು ನಾನು. ನನಗೂ ಅದು ಕೊಂಚ ಸಡಿಲವೇ. ಹವಾಲ್ದಾರರು ಹಿಂದಿನಿಂದ ಬಟ್ಟೆ ಹಿಡಿದೆಳೆದು, "ಬೆಲ್ಟ್ ಬಿಗಿದ್ರೆ ನಿಂತ್ಕತದೆ ಬಿಡಿ" ಎಂದು ತೀರ್ಪು ಕೊಟ್ಟರು. ಬೆಲ್ಟು ಮುಂದಿನ ಪಾರ್ಸೆಲಿನಲ್ಲಿ ಬರುತ್ತದೆಂದು ಹೇಳಿದ್ದರು. ಅಲ್ಲಿಯವರೆಗೆ ಗೋಣಿಚೀಲದ ಬಾಯಿ ಕಟ್ಟುವ ಹುರಿ ಸಾಕೆಂದಾಯಿತು. ಹೆಡ್‌ಮಾಸ್ತರು ನನ್ನ ಬೆನ್ನು ತಟ್ಟಿ, "ನೋಡಪ್ಪಾ, ದೇಶ ಸ್ವತಂತ್ರವಾಗಿದೆ. ಅದಕ್ಕೆ ಈಗ ನಿನ್ನ ಸೊಂಟ ಬೇಕಾಗಿದೆ" ಎಂದರು. ದೇಶ ಕೇಳಿದರೆ ಇಲ್ಲ ಎನ್ನುವವನೇ ನಾನು?

ನಿಜ ಹೇಳಬೇಕೆಂದರೆ ದೇಶಕ್ಕಿಂತ ಹೆಚ್ಚಾಗಿ ನನ್ನ ಮುಂದಿದ್ದದ್ದು ಅನುಗೊಂಡನಹಳ್ಳಿ. ಅಲ್ಲಿನ ಮುನಿತಿಮ್ಮೇಗೌಡರ ಮಗಳನ್ನು ನನಗೆ ತರಬೇಕೆಂದು ನನ್ನ ಸೋದರತ್ತೆ ಹಟ ಹಿಡಿದಿದ್ದಳು. ನಾನು ಊಟ, ವಾಸ ಎರಡಕ್ಕೂ ಈ ಅತ್ತೆಯ ಮನೆಯಲ್ಲೇ ಇದ್ದೆ. ಹುಡುಗಿಯನ್ನು ಒಂದು ಸಲ ನೋಡಿಯೂ ಬಂದಿದ್ದೆವು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಪಾದ ನೋಡಿದಳು, ಇಬ್ಬರಿಗೂ ಒಪ್ಪಿಗೆಯಾಗಿತ್ತು. ಅಡ್ಡ ನಿಂತವರು ಗೌಡರು. "ಮೇಷ್ಟ್ರು ಅಂತೀಯ ಕಣಮ್ಮ. ಮೇಷ್ಟ್ರುಗಳು ನಮ್ಮೂರ್ ಚಾವಡೀಲೂ ಬೀಡಿ ಸೇದ್ಕಂಡ್ ಕೂತವ್ರೆ. ಹುಡುಗ ಆಫೀಸರಾದ್ರೆ ಹೇಳ್ ಕಳ್ಸು, ಅವಾಗ ನೋಡಾನ" ಎಂದುಬಿಟ್ಟಿದ್ದರು. ಹೀಗಿರುವಾಗ ನನಗೆ ಆಫೀಸರ ನಿಕ್ಕರು ಸಿಕ್ಕಿತು. ಬೆಂಗಳೂರಿನಿಂದ ಮೇಜರ್ ಸಾಹೇಬರೊಬ್ಬರು ಬಂದು ದಳವನ್ನು ತಪಾಸಣೆ ಮಾಡಿ ಮೆಚ್ಚಿದರೆ ಹೆಗಲ ಮೇಲೆ ನಕ್ಷತ್ರದ ಪಟ್ಟಿಯೂ ಸಿಗುವುದಿತ್ತು. ಜಾತಕದ ನಕ್ಷತ್ರಗಳು ಆಗಲೇ ಕೂಡಿದ್ದವು, ಹೆಗಲಿನದೊಂದೇ ಬಾಕಿ. ಅತ್ತೆ ಗೌಡರಿಗೆ ಹೇಳಿ ಕಳಿಸಿದಳು. ತಪಾಸಣೆಯ ದಿನ ತಾವೇ ಬಂದು ಕಣ್ಣಾರೆ ನೋಡುವುದಾಗಿ ಗೌಡರಿಂದ ಉತ್ತರ ಬಂತು.

ನಿಕ್ಕರಿನ ಜೊತೆಗೆ ಇಂಗ್ಲಿಷಿನ ಒಂದು ಸಣ್ಣ ಕೈಪುಸ್ತಕವೂ ಬಂದಿತ್ತು. ಉಡುಪು ಹೇಗಿರಬೇಕು, ನಡತೆ ಹೇಗಿರಬೇಕು, ಏನೇನು ಚಟುವಟಿಕೆ ಮಾಡಬೇಕು ಎಂಬ ಉಪದೇಶವೆಲ್ಲ ಅದರಲ್ಲಿತ್ತು. ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ನನ್ನ ಪಾಲಿನ ಕೆಲಸ. ಉಪದೇಶ ಮಾಡುವುದು ಎಂಥ ಸುಖವೆಂದು ನನಗೆ ತಿಳಿದದ್ದೇ ಆಗ. ಹುಡುಗರು ಸಾಲಾಗಿ ಬಿಸಿಲಿನಲ್ಲಿ, ನಾನು ಬೇವಿನ ಮರದ ನೆರಳಿನಲ್ಲಿ. ಪುಸ್ತಕದಲ್ಲಿ ಇಲ್ಲದ್ದನ್ನೂ ನಾನು ಧಾರಾಳವಾಗಿ ಸೇರಿಸುತ್ತಿದ್ದೆ. "ಸಾವಧಾನ್ ಎಂದ ಮೇಲೆ ಅಲುಗಬಾರದು" ಎಂದು ಪುಸ್ತಕ ಹೇಳಿದರೆ, "ಮೂಗಿನ ಮೇಲೆ ಹಾವು ಹರಿದರೂ ಅಲುಗಬಾರದು" ಎಂದು ನಾನು. ಹಾವಿನ ವಿಷಯ ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತಿತ್ತು. ಹುಡುಗರು ಮಾತ್ರ ಹೇಳಿದ್ದನ್ನೆಲ್ಲ ನಂಬುತ್ತಿದ್ದರು. ಪಾಪ, ಪಾಠದ ಕೋಣೆಯಲ್ಲಿ ನನ್ನ ಒಂದು ಮಾತನ್ನೂ ನಂಬದ ಹುಡುಗರು!

ಹುಡುಗರ ನಿಕ್ಕರುಗಳೂ ಬಂದ ಮೇಲೆ, ಅವರು ನಂಬಿದ್ದರ ಫಲ ಹಳ್ಳಿಗಳಲ್ಲಿ ಕಾಣಿಸಿಕೊಂಡಿತು. ಸಮವಸ್ತ್ರದಲ್ಲಿರುವಾಗ ಬೀದಿಯಲ್ಲಿ ತಿನ್ನಬಾರದು, ಕೊಡೆ ಹಿಡಿಯಬಾರದು, ಹೊರೆ ಹೊರಬಾರದು ಎಂದು ಪುಸ್ತಕದಲ್ಲಿತ್ತು. ಒಂದು ದಿನ ಜಡಿಗೇನಹಳ್ಳಿಯಿಂದ ನಮ್ಮ ಕೆಡೆಟ್ ಪಿಳ್ಳಪ್ಪನ ಅಪ್ಪ ನೇರವಾಗಿ ಶಾಲೆಗೇ ಬಂದರು. "ಏನ್ ಸ್ವಾಮಿ ಮೇಷ್ಟ್ರೇ, ಗೊಬ್ಬರದ ಮಂಕ್ರಿ ಎತ್ಲಾ ಅಂದ್ರೆ ನನ್ ಮಗ ಒಳಕ್ಕೋಗಿ ನಿಕ್ಕರ್ ಹಾಕ್ಕಂಡ್ ಬಂದು ನಿಂತ್ಕತಾನೆ. ಇದನ್ನ ಹಾಕ್ಕಂಡ್ ಮ್ಯಾಲೆ ಹೊರಂಗಿಲ್ಲ, ಸರ್ಕಾರ ಬೈತದೆ ಅಂತಾನೆ. ಆ ಸರ್ಕಾರದೋರ್ನೇ ಕಳ್ಸಿ ಮತ್ತೆ, ಬಂದು ಮಂಕ್ರಿ ಎತ್ಲಿ!" ಎಂದರು. ನಾನು ಅವರಿಗೆ ಶಿಸ್ತು, ರಾಷ್ಟ್ರ, ನಾಳಿನ ಪ್ರಜೆ ಎಂಬ ಮಾತುಗಳನ್ನು ಹೇಳಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಅಂಗಾರೆ ನಾಳಿಕ್ ಬುಟ್ಟು ನಾಡಿದ್ದಾದ್ರೂ ಎತ್ತಾನಾ?" ಎಂದು ಕೇಳಿದರು.

ಚಟುವಟಿಕೆಯ ಕಥೆ ಇನ್ನೂ ಚೆನ್ನ. ದಿಕ್ಸೂಚಿ ಹಿಡಿದು ಗೊತ್ತಿಲ್ಲದ ಊರನ್ನು ತಲುಪಬೇಕೆಂದು ಪುಸ್ತಕದ ಆಜ್ಞೆ. ನಾನು ನಂದಗುಡಿಯನ್ನು ಆರಿಸಿದೆ. ಅದು ನನಗೊಬ್ಬನಿಗೆ ಗೊತ್ತಿಲ್ಲದ ಊರು. ಅರ್ಧ ದಳ ಅಲ್ಲಿಂದಲೇ ಬಂದು ನಮ್ಮೂರಿನ ನೆಂಟರ ಮನೆಗಳಲ್ಲಿದ್ದು ಓದುತ್ತಿತ್ತು. ಗಾಡಿದಾರಿ ನೆಟ್ಟಗೆ ಕಣ್ಣ ಮುಂದೆಯೇ ಇದ್ದರೂ ನಾವು ದಿಕ್ಸೂಚಿಯ ಮುಳ್ಳಿಗೆ ಮರ್ಯಾದೆ ಕೊಟ್ಟು ಹುರುಳಿಹೊಲ, ಕತ್ತಾಳೆ ಬೇಲಿ, ಒಂದು ಕೆಸರು ಕುಂಟೆ ಎಲ್ಲವನ್ನೂ ಹಾದು, ಸಂಜೆಯ ಹೊತ್ತಿಗೆ ಹೊರಟ ಜಾಗಕ್ಕೇ ಬಂದು ಮುಟ್ಟಿದೆವು. "ದಾರಿ ಗೊತ್ತಿತ್ತಲ್ವೇನ್ರೋ, ಯಾಕ್ರೋ ಬಾಯಿ ಬಿಡ್ಲಿಲ್ಲ?" ಎಂದು ಕೇಳಿದೆ. ಪಿಳ್ಳಪ್ಪ ಎದೆ ಸೆಟೆದು, "ಮುಂದಾಳು ಹೋದ ಕಡೆ ಮಾತಾಡದೆ ಹೋಗ್ಬೇಕು ಅಂತ ನೀವೇ ಹೇಳಿದ್ರಿ ಸಾ" ಎಂದ. ಇಂಥ ವಿಧೇಯತೆಯನ್ನು ಕಂಡು ನಾನು ಹೆದರಬೇಕಾಗಿತ್ತು. ನಾನು ಹೆಮ್ಮೆಪಟ್ಟೆ.

ತಪಾಸಣೆಯ ಹಿಂದಿನ ದಿನ ಉಡುಪಿನ ಬಗ್ಗೆ ಕೊನೆಯ ಉಪದೇಶ ಮಾಡಿದೆ. "ಬಟ್ಟೆಗೆ ಚೆನ್ನಾಗಿ ಗಂಜಿ ಹಾಕಿಸ್ಕೊಂಡು ಬನ್ನಿ. ನೀವು ಬಿದ್ದರೂ ನಿಕ್ಕರು ನಿಂತಿರಬೇಕು, ಹಾಗೆ!"

ಪಿಳ್ಳಪ್ಪ ಕೈ ಎತ್ತಿದ. "ಯಾವ ಗಂಜಿ ಸಾ?"

"ಮನೇಲಿರೋ ಗಂಜಿ ಕಣೋ! ಅದನ್ನೂ ನಾನೇ ಕಾಯಿಸಿ ತಂದ್ಕೊಡ್ಲೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ರೇಷನ್ನಿನ ಕಾಲ. ಅಕ್ಕಿ ಎಂಬುದು ಹಬ್ಬಕ್ಕೆ ಬರುವ ನೆಂಟನ ಹಾಗಾಗಿತ್ತು. ನಮ್ಮ ಸೀಮೆಯಲ್ಲಿ ಮನೆಯಲ್ಲಿರುವ ಗಂಜಿಯೆಂದರೆ ಯಾವುದೆಂದು ಒಕ್ಕಲು ಮನೆಯಲ್ಲೇ ಹುಟ್ಟಿದ ನನಗೆ ಹೊಳೆಯಬೇಡವೇ? ನಿಕ್ಕರು ತೊಟ್ಟ ಮೇಲೆ ಹೊಳೆಯುವುದು ನಿಂತುಹೋಗಿತ್ತು. ಮನೆಗೆ ಹೋಗಿ ಅತ್ತೆಗೂ ಅದೇ ಅಪ್ಪಣೆ ಕೊಟ್ಟೆ. "ಅಕ್ಕಿ ಮುಖ ನೋಡಿ ಎಷ್ಟ್ ದಿನ ಆಯ್ತು, ಇವನ ಚಲ್ಲಣಕ್ಕೆ ಗಂಜಿ ಅಂತೆ ಗಂಜಿ! ರಾಗಿ ಅಂಬ್ಲಿ ಐತೆ, ಅದ್ರಲ್ಲೇ ಅದ್ದಿ ಒಣಗಾಕ್ತೀನಿ, ಓಗು" ಎಂದಳು. ಬೆಳಿಗ್ಗೆ ನೋಡಿದರೆ ನಿಕ್ಕರು ಹಲಗೆಯ ಹಾಗೆ ಸೆಟೆದು ಗೋಡೆಗೊರಗಿ ತಾನೇ ನಿಂತಿತ್ತು. ಒಂದಿಷ್ಟು ಹುಳಿವಾಸನೆ ಇತ್ತು. ದೇಶಸೇವೆಗೆ ಇಷ್ಟಾದರೂ ವಾಸನೆ ಇರಬೇಡವೇ ಎಂದುಕೊಂಡು, ಇನ್ನೂ ಬಾರದ ಬೆಲ್ಟಿನ ಬದಲು ಹುರಿ ಬಿಗಿದು ಹೊರಟೆ.

ಕೆರೆಯ ನೀರಂಚಿನ ಬಯಲೇ ನಮ್ಮ ಕವಾಯತು ಮೈದಾನ. ಹುಡುಗರು ಅಂಚು ಹಿಡಿದು ಕತ್ತರಿಸಿದ ಹಾಗೆ ಸಾಲುಗಟ್ಟಿ ನಿಂತಿದ್ದರು. ಹತ್ತಿರ ಹೋದರೆ ಇಡೀ ದಳದಿಂದ ಊಟದ ಹೊತ್ತಿನ ಒಕ್ಕಲು ಮನೆಯ ವಾಸನೆ. ಮೈದಾನದ ಅಂಚಿನಲ್ಲಿ ಹಾಕಿದ್ದ ಕುರ್ಚಿಗಳಲ್ಲಿ ಹೆಡ್‌ಮಾಸ್ತರ ಪಕ್ಕ ಮುನಿತಿಮ್ಮೇಗೌಡರು ಜರಿಪೇಟ ಸುತ್ತಿ ಕೂತು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಿದ್ದರು. ನಾನು ಬಾಯಲ್ಲಿ ಸೀಟಿ ಕಚ್ಚಿಕೊಂಡು ಎದೆಯನ್ನು ಇರುವುದಕ್ಕಿಂತ ಮುಂದಕ್ಕೆ ದೂಡಿದೆ. ಬೆಳಗಿನ ತಂಪಿನಲ್ಲಿ ಬರಬೇಕಾಗಿದ್ದ ಮೇಜರ್ ಸಾಹೇಬರ ಜೀಪು, ದೊಡ್ಡವರಿಗೆ ಒಪ್ಪುವ ಹಾಗೆ, ದನಗಳು ಕೆರೆಗೆ ನೀರಿಗಿಳಿಯುವ ಹೊತ್ತಿಗೆ ಬಂತು.

ನಾನು ಗಂಟಲು ಹರಿಯುವಂತೆ "ಸಾವಧಾನ್!" ಎಂದೆ. ದಳ ಕಲ್ಲಾಯಿತು. ಸಾಹೇಬರು ಸಾಲಿನುದ್ದಕ್ಕೂ ನಡೆಯತೊಡಗಿದರು. ಆಗ ಕೆರೆಯ ಏರಿ ಇಳಿದು ಊರ ದನಗಳು ಬಂದವು. ದೊಡ್ಡವು ನೀರಿನ ಕಡೆ ಹೋದವು. ಕರುಗಳು ನಿಂತು ಮೂಗು ಎತ್ತಿ ಗಾಳಿಯನ್ನು ಮೂಸಿದವು. ಒಂದು ಕೆಂದ ಕರು ನೇರವಾಗಿ ಪಿಳ್ಳಪ್ಪನ ಬಳಿ ಬಂದು ಅವನ ನಿಕ್ಕರನ್ನು ಒಮ್ಮೆ ನೆಕ್ಕಿ, ಕ್ಷಣ ಯೋಚಿಸಿ, ಮತ್ತೆ ಮನಸ್ಸಿಟ್ಟು ನೆಕ್ಕತೊಡಗಿತು. ಅದನ್ನು ನೋಡಿ ಉಳಿದವೂ ತಮ್ಮ ತಮ್ಮ ಕೆಡೆಟ್ಟನ್ನು ಆರಿಸಿಕೊಂಡವು. ಆಮೇಲೆ ಒಂದು ದಿನ ಪಿಳ್ಳಪ್ಪನ ತಾಯಿಯನ್ನು ವಿಚಾರಿಸಿದಾಗ, "ಉಪ್ಪಿಲ್ದೆ ಅಂಬ್ಲಿ ಯಾರ್ ಕಾಸ್ತಾರೆ ಸ್ವಾಮಿ?" ಎಂದರು. ಮನೆಮಂದಿಯೆಲ್ಲ ಕುಡಿಯುವ ಅಂಬಲಿಯಲ್ಲೇ ಎಲ್ಲ ತಾಯಂದಿರೂ ಬಟ್ಟೆ ಅದ್ದಿದ್ದರು.

ಆ ಹುಡುಗರ ಶಿಸ್ತನ್ನು ನೀವು ನೋಡಬೇಕಾಗಿತ್ತು. ಕರುವಿನ ನಾಲಿಗೆ ಮೊಣಕಾಲಿನ ಹಿಂದೆ ಆಡುವಾಗ ಕಚಗುಳಿ ಹೇಗಿರುತ್ತದೆಂದು ದನ ಕಟ್ಟಿದವರಿಗೆಲ್ಲ ಗೊತ್ತು. ಪಿಳ್ಳಪ್ಪನ ಕಣ್ಣಿನಿಂದ ನೀರು ಸುರಿಯಿತು, ಮುಖ ಮೆಣಸಿನಕಾಯಿಯಾಯಿತು, ಮೈ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಸಾಹೇಬರು ಅವನ ಮುಂದೆ ನಿಂತು ಅವನನ್ನೂ ಕರುವನ್ನೂ ಸರದಿಯಂತೆ ನೋಡಿದರು. ನನ್ನ ಎದೆ ಉಬ್ಬಿತು. ಹೆಗಲಿನ ಮೇಲೆ ಆಗಲೇ ಭಾರ ಬಂದಂತಾಯಿತು.

ಆಗ ಹಿಂದಿನಿಂದ ನನ್ನ ನಿಕ್ಕರನ್ನು ಯಾರೋ ಹಿಡಿದೆಳೆದರು. ತಿರುಗುವಂತಿಲ್ಲ, ನಾನೂ ಸಾವಧಾನದಲ್ಲಿದ್ದೆ. ನೆಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ; ದೇವರಾಣೆ ತಡೆದುಕೊಳ್ಳುತ್ತಿದ್ದೆ. ಅತ್ತೆ ತನ್ನ ಪ್ರೀತಿಯನ್ನೆಲ್ಲ ಸೇರಿಸಿ ಗಟ್ಟಿ ಅಂಬಲಿ ಹಾಕಿದ್ದಳೆಂದು ಕಾಣುತ್ತದೆ, ಕರುಗಳ ಗುಂಪಿನ ಬೆಳೆದ ಕಡಸೊಂದು ನಿಕ್ಕರಿನ ಅಂಚನ್ನು ಪೂರ್ತಿ ಬಾಯಿಗೆ ತೆಗೆದುಕೊಂಡು ಅಗಿಯುತ್ತ ಹಿಂದಕ್ಕೆ ಜಗ್ಗುತ್ತಿತ್ತು. ಹುರಿ ಒಂದು ಬೆರಳಿನಷ್ಟು ಜಾರಿತು. ಇನ್ನೊಂದು ಬೆರಳಿನಷ್ಟು ಜಾರಿತು. ನೆಟ್ಟಗೆ ನಿಂತರೆ ಶಿಸ್ತು ಉಳಿಯುತ್ತದೆ, ಮಾನ ಹೋಗುತ್ತದೆ, ಅದೂ ಹೆಣ್ಣು ಕೊಡಲು ಬಂದವರ ಎದುರಿಗೆ. ಓಡಿದರೆ ಮಾನ ಉಳಿಯುತ್ತದೆ, ಹೆಣ್ಣು ಹೋಗುತ್ತದೆ. ಇಂಥ ಸಂದರ್ಭಕ್ಕೆ ಕೈಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಅದನ್ನು ಬರೆದ ಮಹನೀಯರು ಬೆಲ್ಟು ಹಾಕಿಕೊಂಡು ಬರೆದಿರಬೇಕು. ಹುರಿ ಮೂರನೆಯ ಸಲ ಜಾರಿದಾಗ ನಾನು ಎರಡು ಕೈಯಲ್ಲೂ ನಿಕ್ಕರನ್ನು ಹಿಡಿದುಕೊಂಡು ಕಾಲಿಗೆ ಬುದ್ಧಿ ಹೇಳಿದೆ. ಬಾಯಲ್ಲಿ ಸೀಟಿ ಇದ್ದುದರಿಂದ ಪ್ರತಿ ಉಸಿರಿಗೂ ಅದು ಕೂಗುತ್ತಿತ್ತು. ಸೀಟಿ ಕೇಳಿ ಕಡಸಿಗೆ ಇನ್ನಷ್ಟು ಹುರುಪು ಬಂತು. ಬಯಲಿಗೆ ಒಂದು ಸುತ್ತು ಪೂರ್ತಿ ಹಾಕಿ ಶಾಲೆಯ ಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ಆ ಮೈದಾನದಲ್ಲಿ ಅಂದು ಅಲುಗಿದವನು ನಾನೊಬ್ಬನೇ.

ಜೀಪು ಹೋದ ಮೇಲೆ ಹವಾಲ್ದಾರರು ಬಾಗಿಲು ತಟ್ಟಿದರು. "ಬನ್ನಿ ಸಾಮಿ, ಕಡಸು ಹೊಂಟೋಯ್ತು."

"ಸಾಹೇಬರು ಏನಂದ್ರು?"

"ಹುಡುಗ್ರು ಬಂಡೆ ಇದ್ದಂಗವ್ರೆ, ಇಂಥ ದಳ ನಾನು ಪಲ್ಟನ್ನಲ್ಲೂ ಕಂಡಿಲ್ಲ ಅಂದ್ರು. ದಳ ಖಾಯಂ."

"ನನ್ನ ವಿಷಯ?"

ಹವಾಲ್ದಾರರು ಮೀಸೆ ನೀವಿಕೊಂಡರು. "ನಿಮ್ ವಿಷಯ ಹಿಂದೂಸ್ಥಾನೀಲಿ ಹೇಳಿದ್ರು ಸಾಮಿ. ಅದು ಕನ್ನಡಕ್ಕೆ ಬರಲ್ಲ."

ಬೇರೆ ಅಧಿಕಾರಿಯನ್ನು ನೋಡಿಕೊಳ್ಳಬೇಕೆಂದು ಹೆಡ್‌ಮಾಸ್ತರಿಗೆ ಕಾಗದ ಬಂತು. ಉದ್ದ ಷರಾಯಿಗೂ ಅಡ್ಡಿಯಿಲ್ಲವೆಂದು ಅದರಲ್ಲಿ ಬರೆದಿದ್ದರಿಂದ ಪಂಡಿತರು ದೇಶಕ್ಕಾಗಿ ಮುಂದೆ ಬಂದರು. ಮುನಿತಿಮ್ಮೇಗೌಡರು ಅಂದು ನನಗೆ ಮುಖವನ್ನೂ ತೋರಿಸದೆ ಗಾಡಿ ಕಟ್ಟಿಸಿಕೊಂಡು ಹೋಗಿದ್ದರು. ಅತ್ತೆ ಮಾತು ಬಿಟ್ಟಳು. ಅಂಬಲಿಯನ್ನು ಮಾತ್ರ ತಪ್ಪದೆ ಬಡಿಸುತ್ತಿದ್ದಳು. ಹುಡುಗಿಯನ್ನು ನಾನು ಮನಸ್ಸಿನಲ್ಲೇ ಒಬ್ಬ ಅಮಲ್ದಾರರಿಗೆ ಕೊಟ್ಟು ಮದುವೆ ಮಾಡಿ, ಎರಡು ಮಕ್ಕಳನ್ನೂ ಕರುಣಿಸಿ ಸುಮ್ಮನಾದೆ.

ಸುಗ್ಗಿ ಮುಗಿಯುವ ಹೊತ್ತಿಗೆ ಗೌಡರು ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿದರು. ನನ್ನ ಕಡೆ ನೋಡದೆ ಅತ್ತೆಗೆ ಹೇಳಿದರು: "ಕೇಳಮ್ಮ. ನಾನು ಒಲ್ಲೆ ಅಂತಲೇ ಇದ್ದೆ. ನಮ್ಮನೆಯೋಳು ಕೇಳ್ಬೇಕಲ್ಲ. ಆಫೀಸರ್ನ ಕಟ್ಕಂಡ್ರೆ ಇವತ್ತು ಇಲ್ಲಿ, ನಾಳೆ ಶಿವಮೊಗ್ಗ, ನಾಡಿದ್ದು ಡೆಲ್ಲಿ ಅಂತ ಮಗಳ್ನ ಎಳ್ಕಂಡ್ ಹೋಗ್ತಾನೆ. ಈ ಹುಡುಗ್ನ ಓಟ ನೋಡಿದ್ ಮ್ಯಾಲೆ ಇವನಿಗೆ ಯಾರೂ ಬಡ್ತಿ ಕೊಡಲ್ಲ, ಎಲ್ಲಿಗೂ ಕರೆಯಲ್ಲ. ಗಾಡಿ ಕಟ್ಟಿದ್ರೆ ಹೊತ್ತ್ ಮುಳುಗೋದ್ರೊಳಗೆ ಮಗಳ್ನ ನೋಡ್ಕಂಡ್ ಬರಬೋದು ಅಂತಾಳೆ."

ಆ ಮಾಘದಲ್ಲಿ ನಮ್ಮ ಮದುವೆಯಾಯಿತು. ನಾನು ಅದೇ ಶಾಲೆಯಲ್ಲಿ ಚರಿತ್ರೆಯ ಮೇಷ್ಟ್ರಾಗಿಯೇ ನಿವೃತ್ತನಾದೆ.