ಗೀಜಗನ ಗೂಡಿನ ನಿಖರ ಲೆಕ್ಕ

ಕಾಲೇಜಿನ ಪಕ್ಷಿವೀಕ್ಷಣಾ ಬಳಗದಲ್ಲಿ ಎರಡು ವರ್ಷವಿದ್ದರೂ ನಾನು ಸಭೆಯಲ್ಲಿ ಬಾಯಿ ತೆರೆದದ್ದು ಒಮ್ಮೆ ಮಾತ್ರ. ಸೀನಿಯರ್ ಒಬ್ಬರು ಕೆರೆಯಲ್ಲಿ ಸುಮಾರು ಇನ್ನೂರು ಬಾತುಗಳಿದ್ದವು ಎಂದು ವರದಿ ಓದಿದಾಗ, "ಸುಮಾರು ಅನ್ನೋದು ಸಂಖ್ಯೆ ಅಲ್ಲ" ಎಂದುಬಿಟ್ಟೆ. ನಮ್ಮ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಹಾಗಾದರೆ ಈ ಸಲದ ಗೀಜಗನ ಗೂಡಿನ ಗಣತಿ ನಿಮ್ಮದೇ, ಸೋಮವಾರ ನಿಖರ ಸಂಖ್ಯೆ ತನ್ನಿ ಎಂದರು. ಸೀನಿಯರ್ ಮುಗುಳ್ನಕ್ಕರು. ಆ ಮುಗುಳ್ನಗೆಯ ಎದುರು ತಪ್ಪು ಸಂಖ್ಯೆ ಹಿಡಿದು ನಿಲ್ಲುವುದಕ್ಕಿಂತ ಓದು ಬಿಡುವುದೇ ಮೇಲು ಎಂದು ನಾನು ಅಲ್ಲೇ ತೀರ್ಮಾನಿಸಿದೆ.

ಆದರೆ ಭಯವೇನೂ ಇರಲಿಲ್ಲ. ತುರುವೇಕೆರೆ ಹತ್ತಿರ ನನ್ನ ಸೋದರಮಾವನ ತೋಟವಿತ್ತು. ಬಾವಿಯ ಸುತ್ತಲಿನ ತೆಂಗಿನ ಗರಿಗಳ ತುದಿಗೆ ಪ್ರತಿ ಆಷಾಢದಲ್ಲೂ ಗೀಜಗಗಳು ಗೂಡು ನೇಯುತ್ತಿದ್ದವು. ಎಣಿಸುವುದಷ್ಟೇ ಬಾಕಿ. ಎಣಿಕೆ ನನಗೆ ಒಂದನೇ ತರಗತಿಯಿಂದಲೂ ಬರುತ್ತಿತ್ತು!

ತೆಂಗಿಗೆಲ್ಲ ನುಸಿ ಹತ್ತಿದ್ದ ವರ್ಷ ಅದು. ಶನಿವಾರ ಮೊದಲ ಬಸ್ಸಿಗೆ ಗೆಳತಿಯರಾದ ಸುಜಾತ, ಶಶಿಕಲಾರನ್ನು ಹೊರಡಿಸಿಕೊಂಡು ಹೋದೆ. ಬಣ್ಣದ ಬಟ್ಟೆ ಉಡಬಾರದು, ಮಾತಾಡಬಾರದು, ಎಣಿಸುವಾಗ ಕೆಮ್ಮಬಾರದು ಎಂಬ ನಿಯಮಗಳನ್ನು ಬರೆದು ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟಿದ್ದೆ. ಸುಜಾತ ಅದರಲ್ಲಿ ಕಡಲೆಕಾಯಿ ಸಿಪ್ಪೆ ಕಟ್ಟಿದಳು.

ಮೊದಲ ಎಣಿಕೆಯಲ್ಲಿ ನನಗೆ ಮೂವತ್ತೊಂದು ಗೂಡು ಸಿಕ್ಕಿತು. ಸುಜಾತಳಿಗೆ ಮೂವತ್ತೆಂಟು. ಶಶಿಕಲಾಗೆ ಇಪ್ಪತ್ತೇಳು. ಮತ್ತೆ ಎಣಿಸಿದೆವು. ಮೂವರ ಸಂಖ್ಯೆಯೂ ಬದಲಾಯಿತು, ಒಂದಕ್ಕೊಂದು ಮಾತ್ರ ಹೊಂದಲಿಲ್ಲ. ಗಾಳಿ ಬೀಸಿದರೆ ಈ ಗರಿಯ ಗೂಡು ಆ ಗರಿಯ ಹಿಂದೆ ಹೋಗುತ್ತಿತ್ತು. ಅರ್ಧ ನೇಯ್ದದ್ದು ಗೂಡೋ ಅಲ್ಲವೋ ಎಂಬ ಚರ್ಚೆಯಲ್ಲಿ ಅರ್ಧ ಗಂಟೆ ಹೋಯಿತು. ಬಾವಿಕಟ್ಟೆಯ ಪಕ್ಕ ಅಂಗಾತ ಮಲಗಿ ಎಣಿಸೋಣ ಎಂದು ನಾನೇ ಸೂಚಿಸಿದೆ. ಹತ್ತೊಂಬತ್ತನೆಯ ಗೂಡಿಗೆ ಬರುವಷ್ಟರಲ್ಲಿ ಕೆಂಪಿರುವೆಗಳು ನನ್ನ ಕುತ್ತಿಗೆಗೆ ಬಂದಿದ್ದವು. ನಾನು ಎದ್ದು ಕುಣಿದ ರೀತಿಗೆ ಅಷ್ಟೂ ಹಕ್ಕಿಗಳು ಹಾರಿಹೋದವು.

"ಅವು ನಮ್ಮನ್ನ ಮೂರು ಅಂತ ಸರಿಯಾಗಿ ಎಣಿಸ್ಕೊಂಡಿರ್ತವೆ ಕಣೇ" ಎಂದಳು ಸುಜಾತ.

ಮಧ್ಯಾಹ್ನ ಊಟಕ್ಕೆ ಕೂತಾಗ ನನಗೆ ಮುದ್ದೆ ಇಳಿಯಲಿಲ್ಲ. ಎರಡು ಸಲ ಎದ್ದು ಹೋಗಿ ಕಿಟಕಿಯಿಂದ ತೋಟ ನೋಡಿ ಬಂದೆ. ಅತ್ತೆ, ಸಾರಿಗೆ ಉಪ್ಪು ಹೆಚ್ಚಾಗಿದೆಯೇ ಎಂದು ಕೇಳಿದರು. ಮಾವ ಮಾತ್ರ ನಿಧಾನವಾಗಿ, ಯಾವುದರ ಲೆಕ್ಕ, ಯಾವತ್ತಿಗೆ ಬೇಕು ಎಂದು ವಿಚಾರಿಸಿದರು. ಗೂಡಿನದು, ನಾಳೆಯೊಳಗೆ ಎಂದೆ.

"ಅಂದಾಜಾದ್ರೆ ಆಯ್ತದಾ?"

"ಇಲ್ಲ ಮಾವ. ಒಂದೂ ಹೆಚ್ಚುಕಡಿಮೆ ಆಗಬಾರದು."

ಮಾವ ತಲೆದೂಗಿದರು. ನಾನು ಅಲ್ಲಿಗೆ ನಿಲ್ಲಿಸಿದೆ. ಬೇಕಾದ್ದಕ್ಕಿಂತ ಒಂದು ವಾಕ್ಯ ಹೆಚ್ಚು ಆಡಬಾರದೆಂಬುದು ನನ್ನ ಶಿಸ್ತು. ಅವತ್ತು ಒಂದು ವಾಕ್ಯ ಕಡಿಮೆ ಆಡಿದ್ದೆ.

ಬಿಸಿಲಿಳಿಯುವವರೆಗೆ ಕೆರೆ ಕಡೆ ಹೋಗಿ ಬರೋಣವೆಂದು ಗೆಳತಿಯರು ಎಳೆದುಕೊಂಡು ಹೋದರು. ಅಲ್ಲಿ ನಾನು ಇಪ್ಪತ್ತು ನಿಮಿಷ ದುರ್ಬೀನು ಹಿಡಿದು ಒಂದು ನೀರುಕಾಗೆಯ ವರ್ತನೆ ದಾಖಲಿಸಿದೆ. ಅದು ಮೀನು ಹಿಡಿಯಲಿಲ್ಲ, ರೆಕ್ಕೆ ಒಣಗಿಸಲಿಲ್ಲ, ಕತ್ತನ್ನೂ ತಿರುಗಿಸಲಿಲ್ಲ. ಹತ್ತಿರ ಹೋಗಿ ನೋಡಿದರೆ, ಗೂಟಕ್ಕೆ ಸಿಕ್ಕಿದ್ದ ಕರಿ ಪ್ಲಾಸ್ಟಿಕ್ ಚೀಲ. ನನ್ನ ಮನಸ್ಸೆಲ್ಲ ತೋಟದಲ್ಲಿತ್ತು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುತ್ತಿತ್ತು. ಅವರಿಬ್ಬರನ್ನೂ ಬೇಗ ಬೇಗ ವಾಪಸು ಹೊರಡಿಸಿದೆ.

ಜಗುಲಿಯ ಮೇಲೆ ಹಸಿರು ಹುಲ್ಲಿನ ರಾಶಿ ಬಿದ್ದಿತ್ತು. ಮಾವ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ಆ ಕಡೆ ಇಡುತ್ತಿದ್ದರು. "ಲಾಭ... ಎರಡು... ಮೂರು..." ನಮ್ಮ ಕಡೆ ಎಣಿಕೆಯನ್ನು ಒಂದು ಎಂದು ಶುರುಮಾಡುವುದಿಲ್ಲ, ಲಾಭ ಎನ್ನುತ್ತಾರೆ. ಹತ್ತಿರ ಹೋಗಿ ನೋಡಿದೆ. ಹುಲ್ಲಲ್ಲ. ಗೂಡುಗಳು.

ನಾನು ಮಾತಾಡಲು ಹೋದರೆ, ತಪ್ಪಿಹೋಗುತ್ತದೆಂದು ಮಾವ ಕೈಸನ್ನೆ ಮಾಡಿದರು. ಮುಗಿಸಿ, ಹೆಮ್ಮೆಯಿಂದ ಎದ್ದರು.

"ಮೂವತ್ತನಾಲ್ಕು. ಎರಡು ಸಲ ಎಣ್ಸಿದೀನಿ, ಬರ್ಕೋ ಕಣವ್ವ."

"ಮಾವ, ಇವು ಮರದಲ್ಲೇ ಇರಬೇಕಿತ್ತು."

"ಮರದಾಗಿರೋದ್ನ ಎಣ್ಸೋದು ಅಂದಾಜು ಕಣವ್ವ. ಕೆಡವಿ ಎಣ್ಸುದ್ರೆ ಲೆಕ್ಕ."

ಬುದ್ಧಿ ಬಂದಾಗಿನಿಂದ ಈ ಸೀಮೆಯವರು ತೆಂಗಿನಕಾಯಿಗೆ ಮಾಡುತ್ತ ಬಂದದ್ದು ಅದನ್ನೇ. ಮರ ನೋಡಿ ಹೇಳುವ ಕಾಯಿ ಲೆಕ್ಕವನ್ನು ಯಾರೂ ನಂಬುವುದಿಲ್ಲ. ನನ್ನ ಸಿದ್ಧಾಂತವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ಪ್ರಪಂಚದಲ್ಲಿ ಮಾವ ಒಬ್ಬರೇ! ಕಾಯಿ ಕೆಡವುವ ರಂಗಪ್ಪ ಕಂಬಕ್ಕೊರಗಿ ಕೂತಿದ್ದ. ಪ್ರತಿ ಗೂಡಿಗೂ ಬೆರಳಿಟ್ಟು ನೋಡಿಯೇ ಕುಯ್ದೆ, ಒಂದರಲ್ಲೂ ಮೊಟ್ಟೆ ಇರಲಿಲ್ಲ ಎಂದು ಅವನು ಹೇಳಿದಾಗ ನನಗೆ ಉಸಿರು ಬಂತು. ಶಶಿಕಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು.

ತೋಟಕ್ಕೆ ಓಡಿದೆ. ಹಳದಿ ತಲೆಯ ಗಂಡು ಹಕ್ಕಿಗಳು ಬೋಳು ಗರಿಗಳ ತುದಿಯಲ್ಲಿ ಕೂತು ಗಲಾಟೆ ಮಾಡುತ್ತಿದ್ದವು. ತಿಂಗಳ ನೇಯ್ಗೆಯನ್ನು ಒಂದು ಊಟದ ಮಾತು ಇಳಿಸಿಬಿಟ್ಟಿತ್ತು. ಹಿಂದೆಯೇ ಬಂದ ಮಾವ ಸ್ವಲ್ಪ ಹೊತ್ತು ಮೇಲೆ ನೋಡಿದರು. ಅವರ ಮುಖ ಸಣ್ಣದಾಯಿತು.

"ಬಾಯ್ಬುಟ್ಟು ಹೇಳ್ಬಾರದಾಗಿತ್ತಾ ಕಣವ್ವ" ಎಂದರು ಮೆಲ್ಲಗೆ.

ಭಾನುವಾರ ಬೆಳಗ್ಗೆ ನೋಡಿದರೆ ಗೀಜಗಗಳು ಗರಿ ಸೀಳಿ ಹೊಸದಾಗಿ ಗಂಟು ಹಾಕುತ್ತಿದ್ದವು. ನಮ್ಮನ್ನು ನೋಡಿ ಹಾರಲೂ ಇಲ್ಲ; ಪುರುಸೊತ್ತಿರಲಿಲ್ಲ. ಈ ಸಲ ನಾನು ಎಣಿಸಲಿಲ್ಲ.

ಸೋಮವಾರ ಮೇಷ್ಟ್ರು ಅಚ್ಚುಹಾಕಿಸಿದ ನಮೂನೆಯನ್ನು ಮುಂದಿಟ್ಟರು. ಸೀನಿಯರ್ ಪಕ್ಕದಲ್ಲೇ ನಿಂತಿದ್ದರು. ಗೂಡುಗಳ ಸಂಖ್ಯೆ: ಮೂವತ್ತನಾಲ್ಕು. ಬಳಗದ ಇತಿಹಾಸದಲ್ಲೇ ಅಷ್ಟು ನಿಖರವಾದ ಸಂಖ್ಯೆ ಬಂದಿರಲಿಲ್ಲ. ನೆಲದಿಂದ ಎತ್ತರ: ಒಂದೂವರೆ ಅಡಿ, ಜಗುಲಿ. ಕೊನೆಯದಾಗಿ, ಗೂಡುಗಳಿಗೆ ಕಂಡುಬಂದ ಶತ್ರುಗಳು ಎಂಬ ಅಂಕಣವಿತ್ತು. ಉಳಿದವರೆಲ್ಲ ಕಾಗೆ, ಹಾವು ಎಂದು ತುಂಬಿದ್ದರು. ನಾನು ಇನಿಷಿಯಲ್ ಸಮೇತ ನನ್ನ ಪೂರ್ತಿ ಹೆಸರು ಬರೆದೆ.