ಆಯ ತಪ್ಪಿದ ದೋಣಿ

ದಾನವಾಗಿ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎಂಬ ಗಾದೆಯನ್ನು ಹುಟ್ಟಿಸಿದವನು ಖಂಡಿತವಾಗಿಯೂ ಎಮ್ಮೆಯನ್ನು ದಾನ ಕೊಟ್ಟವನೇ ಇರಬೇಕು. ಪಡೆದುಕೊಂಡವನಾಗಿದ್ದರೆ ಆ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ನಾನು ಪಡೆದುಕೊಂಡವನು, ಆದ್ದರಿಂದ ಹಲ್ಲು ಹಿಡಿದು ನೋಡಬೇಕು, ಬಾಲ ಎತ್ತಿ ನೋಡಬೇಕು, ಹೊಟ್ಟೆಯ ಮೇಲೆ ಬಡಿದು ನೋಡಬೇಕು, ಆಮೇಲೂ ಬೇಡ ಎನ್ನಬೇಕು ಎಂದು ಸಾರಿ ಹೇಳುತ್ತೇನೆ. ಇಷ್ಟು ಸಿಟ್ಟಿಗೆ ಕಾರಣ ಒಂದು ದೋಣಿ. ನಾನು ಸ್ವಭಾವತಃ ಶಾಂತ ಮನುಷ್ಯ. ನನ್ನ ಹೆಂಡತಿ ವಾರಿಜ ಇದನ್ನು ಓದಿದರೆ ನಗುತ್ತಾಳೆ, ನಗಲಿ.

ದೋಣಿ ಕೊಟ್ಟವನು ವಾರಿಜಳ ತಮ್ಮ ಸದಾನಂದ. ಇವನು ದುಬಾಯಿಯಿಂದ ಬಂದು ಹೊಳೆಬದಿಯಲ್ಲಿ ನಾಲ್ಕು ಕೋಣೆಗಳ ರೆಸಾರ್ಟ್ ಮಾಡಿದ್ದ. ಅದಕ್ಕೊಂದು ಶೋಭೆ ಇರಲಿ ಎಂದು ಎಲ್ಲಿಂದಲೋ ಹಳೆಯ ಅಮೆರಿಕದ ಸ್ಕೀ ದೋಣಿಯನ್ನು ತಂದ. ಸ್ಕೀ ಎಂದರೆ ದೋಣಿಯ ಹಿಂದೆ ಹಗ್ಗ ಕಟ್ಟಿ, ಕಾಲಿಗೆ ಹಲಗೆ ಕಟ್ಟಿಕೊಂಡ ಮನುಷ್ಯನನ್ನು ನೀರಿನ ಮೇಲೆ ದರದರನೆ ಎಳೆದುಕೊಂಡು ಹೋಗುವುದು. ದೋಣಿಯೊಳಗೆ ಮೆತ್ತನೆಯ ಸೀಟುಗಳಿರುವಾಗ ಆ ಮನುಷ್ಯ ಹಿಂದೆ ಯಾಕೆ ನಿಲ್ಲಬೇಕು ಎಂದು ನಾನು ಕೇಳಿದ್ದಕ್ಕೆ ಸದಾನಂದ, "ಅದು ಸ್ಪೋರ್ಟ್ಸ್ ಭಾವ" ಎಂದಿದ್ದ. ರೆಸಾರ್ಟ್ ಮುಚ್ಚಿತು. ಒಂದು ಬೆಳಿಗ್ಗೆ ಕಾಪುವಿನ ನಮ್ಮ ಮನೆಯಂಗಳಕ್ಕೆ ಟ್ರೇಲರ್ ಸಮೇತ ದೋಣಿ ಬಂದು ನಿಂತಿತು. "ಅಕ್ಕನಿಗೆ ಆಸೆ ಉಂಟಲ್ಲ ಭಾವ, ಇಟ್ಟುಕೊಳ್ಳಿ. ಒಂದೆರಡು ಸಣ್ಣ ಕೆಲಸ ಉಂಟು ಅಷ್ಟೆ" ಎಂದು ಹೇಳಿ ಅವನು ಪುನಃ ದುಬಾಯಿಗೆ ಹಾರಿದ.

ಅಕ್ಕನಿಗೆ ಆಸೆ ಇದ್ದದ್ದು ನಿಜ. ಈ ಒಂದು ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ. ವಾರಿಜ ಎರ್ಮಾಳಿನವಳು. ಅಪ್ಪನಿಗೆ ದೋಣಿ ಇತ್ತು, ಅಣ್ಣಂದಿರು ಕಡಲಿಗೆ ಹೋಗುತ್ತಿದ್ದರು, ಇವಳು ದಡದಲ್ಲಿ ನಿಂತು ಮೀನು ಹೆಕ್ಕುತ್ತಿದ್ದಳು, ಬುಟ್ಟಿ ಹೊರುತ್ತಿದ್ದಳು, ಬಲೆಯ ಹರಕು ಹೊಲಿಯುತ್ತಿದ್ದಳು. ಆದರೆ ಮನೆಯ ಹೆಣ್ಣುಮಕ್ಕಳು ದೋಣಿಗೆ ಕಾಲಿಡುವ ಹಾಗಿರಲಿಲ್ಲ. ಯಾಕೆ ಎಂದು ಕೇಳಿದರೆ "ಹಾಗೆ" ಎಂಬ ಉತ್ತರ. ಸಮುದ್ರದ ಸದ್ದು ಕೇಳುತ್ತಲೇ ಹುಟ್ಟಿ ಬೆಳೆದ ಹೆಂಗಸು ಅರುವತ್ತು ದಾಟಿದರೂ ಒಮ್ಮೆಯೂ ದೋಣಿಯಲ್ಲಿ ಕುಳಿತಿಲ್ಲ. ದಡವನ್ನು ನೀರಿನ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಒಂದು ಸಲ ನೋಡಬೇಕು, ಅಷ್ಟೇ ಅವಳ ಆಸೆ. ನನ್ನದು ಬೇರೆ ಕಥೆ. ಅಪ್ಪ ಕಾರ್ಕಳದ ಅಂಚೆ ಕಚೇರಿಯಲ್ಲಿದ್ದುದರಿಂದ ನಾನು ಬೆಳೆದದ್ದು ಕಲ್ಲುಬಂಡೆಗಳ ನಡುವೆ. ಆಮೇಲೆ ಉಡುಪಿಯ ಹೈಸ್ಕೂಲಿನಲ್ಲಿ ಲೆಕ್ಕದ ಮಾಷ್ಟ್ರಾದೆ. ಮದುವೆಯಾದ ಹೊಸದರಲ್ಲಿ ಕಾಪುವಿನ ದೀಪಸ್ತಂಭದ ಕೆಳಗೆ ಕುಳಿತು, "ನಿನ್ನನ್ನು ದೋಣಿಯಲ್ಲಿ ಕರೆದುಕೊಂಡು ಹೋಗುವುದು ನನ್ನ ಜವಾಬ್ದಾರಿ" ಎಂದು ಹೇಳಿದ್ದೆ. ಹೊಸತರಲ್ಲಿ ಗಂಡಸರು ಎಂತೆಂಥದೋ ಹೇಳುತ್ತಾರೆ. ಮರೆಯುವ ಹೆಂಡತಿಯರೂ ಇರುತ್ತಾರಂತೆ, ನನಗೆ ಸಿಕ್ಕಿಲ್ಲ.

ದೋಣಿ ಬಂದ ದಿನವೇ ನಾನು ಯಜಮಾನನ ಗತ್ತಿನಲ್ಲಿ ಒಳಗೆ ಹತ್ತಿದೆ. ಎರಡನೆಯ ಹೆಜ್ಜೆಗೆ ನೆಲ ಕುಸಿದು, ಆಯ ತಪ್ಪಿ ಬಿದ್ದೆ. ಬಲಗಾಲು ಮೊಣಕಾಲಿನವರೆಗೆ ದೋಣಿಯ ಹೊಟ್ಟೆಯೊಳಗೆ ಹೋಗಿ ಕೂತಿತು. ವಾರಿಜ ಓಡಿ ಬಂದು ನನ್ನನ್ನು ಎಳೆದಳು. ಎಳೆದ ಮೇಲೆ ಅವಳು ಮೊದಲು ಬಗ್ಗಿ ನೋಡಿದ್ದು ನನ್ನ ಕಾಲನ್ನಲ್ಲ, ನೆಲದ ತೂತನ್ನು. ನಾನು ಅದನ್ನು ಗಮನಿಸಿದೆ.

ಪರ್ಕಳದಿಂದ ಲಾರೆನ್ಸ್ ಬಂದರು. ದೋಣಿಯ ಇಂಜಿನ್ನು, ಫೈಬರಿನ ಕೆಲಸ ಎರಡೂ ಬಲ್ಲವರು. ಸುತ್ತಿಗೆ ಹಿಡಿದು ಅಲ್ಲಲ್ಲಿ ಬಡಿದರು. ಒಂದು ಕಡೆ ಟಕ್ ಎಂದಿತು, ಉಳಿದ ಎಲ್ಲ ಕಡೆ ದಬ್ ಎಂದಿತು. ಸ್ಕ್ರೂಡ್ರೈವರ್ ಚುಚ್ಚಿದರು, ನೀರು ಸೋರಿತು. "ಸ್ಟ್ರಿಂಗರ್ ಹೋಗಿದೆ ಮಾಷ್ಟ್ರೆ" ಎಂದರು. ಸ್ಟ್ರಿಂಗರ್ ಎಂದರೆ ದೋಣಿಯ ನೆಲದಡಿಯಲ್ಲಿ ಮೂತಿಯಿಂದ ಹಿಂಬದಿಯವರೆಗೆ ಹೋಗುವ ಉದ್ದದ ಮರಗಳು, ಮನೆಗೆ ತೊಲೆ ಇದ್ದ ಹಾಗೆ. ನೆಲ ನಿಲ್ಲುವುದು ಅದರ ಮೇಲೆ, ಇಂಜಿನ್ ಕೂರುವುದೂ ಅದರ ಮೇಲೆ. ಅಮೆರಿಕದ ಆ ಕಂಪೆನಿಯವರು ನೀರು ತಾಗಬಾರದೆಂದು ಈ ಮರಕ್ಕೆ ಸುತ್ತಲೂ ಫೈಬರಿನ ಹೊದಿಕೆ ಹಾಕಿದ್ದರು. ಒಳ್ಳೆಯದು. ಆಮೇಲೆ ಸೀಟು ಕೂರಿಸಲು ಅದೇ ಹೊದಿಕೆಗೆ ಸಾಲಾಗಿ ತೂತು ಕೊರೆದಿದ್ದರು! ತೂತಿನಿಂದ ನೀರು ಒಳಗೆ ಹೋಯಿತು, ಹೊದಿಕೆಯಿಂದಾಗಿ ಹೊರಗೆ ಬರಲಿಲ್ಲ, ಮರ ಒಳಗೊಳಗೇ ಕೊಳೆತು, ತೊಳೆ ತೆಗೆದು ಬಿಸಾಡಿದ ಹಲಸಿನ ರಚ್ಚೆಯಂತಾಯಿತು. ಚಂದ್ರನ ಮೇಲೆ ಕಾಲಿಟ್ಟ ದೇಶ! ನಮ್ಮ ಮನೆಯ ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುವ ಜಾಗ್ರತೆಯಷ್ಟೂ ಇಲ್ಲ ಅವರಿಗೆ. ನಾನು ಆ ದಿನವಿಡೀ ಅಮೆರಿಕವನ್ನು ಬಯ್ದೆ.

ಕೊಳೆತದ್ದನ್ನೆಲ್ಲ ಲಾರೆನ್ಸ್ ಕೊರೆದು ತೆಗೆದರು. ಉಳಿದ ಗುರುತಿನಿಂದ ಹಳೆಯ ಅಳತೆ ಸಿಕ್ಕಿತು. ಹೊಸ ಮರಕ್ಕೆ ಯಾರು? ಮಲ್ಪೆಯ ಕಡೆಯ ದೋಣಿ ಬಡಗಿಗಳೆಲ್ಲ ಸೀಸನ್ನಿನ ಕೆಲಸದಲ್ಲಿದ್ದರು. ನಮಗೆ ಪರಿಚಯದವರು ಎಲ್ಲೂರಿನ ನಾರಾಯಣ ಆಚಾರ್ರು. ನಮ್ಮ ಮನೆಯ ಬಾಗಿಲು, ದಾರಂದ, ದೇವರ ಮಂಟಪ ಎಲ್ಲ ಅವರ ಕೈಯದೇ. ಫೋನು ಮಾಡಿ ನಡೆದದ್ದನ್ನು ಹೇಳಿದೆ: "ಆಚಾರ್ರೆ, ದೋಣಿಯಲ್ಲಿ ಆಯ ತಪ್ಪಿ ಬಿದ್ದೆ ಮಾರಾಯ್ರೆ, ಕಾಲು ಉಳಿದದ್ದೇ ದೊಡ್ಡದು. ಮರ ಬದಲಿಸಬೇಕು, ನೀವೇ ಬರಬೇಕು." ಆಚಾರ್ರು ಗಂಭೀರವಾದ ಸ್ವರದಲ್ಲಿ, "ಹೌದಾ? ಹಾಗಾದ್ರೆ ನೋಡ್ಲೇಬೇಕು" ಎಂದರು. ನನ್ನ ಕಾಲಿನ ಬಗ್ಗೆ ಹೆಂಡತಿಗಿಲ್ಲದ ಕಾಳಜಿ ಇವರಿಗಾದರೂ ಇದೆಯಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

ಆಚಾರ್ರು ಬಂದು ಅಳತೆ ಕೋಲು ಇಟ್ಟು ನೋಡಿದರು, ಬೆರಳು ಮಡಚಿ ಏನೋ ಗುಣಿಸಿದರು, ತಲೆ ಅಲ್ಲಾಡಿಸಿದರು. "ನೀವು ಹೇಳಿದ್ದು ಸರಿ ಮಾಷ್ಟ್ರೆ" ಎಂದರು. ಯಾವುದು ಸರಿ ಎಂದು ನಾನು ಕೇಳಲಿಲ್ಲ. ಸರಿ ಎಂದವರನ್ನು ಪ್ರಶ್ನಿಸುವ ಅಭ್ಯಾಸ ನನಗಿಲ್ಲ. ಬದಲಿಗೆ ಪಾಠ ಮಾಡುವ ಧ್ವನಿಯಲ್ಲಿ, "ಉದ್ದ ಮಾತ್ರ ಒಂದು ಕೂದಲೆಳೆ ಆಚೆ ಈಚೆ ಆಗಬಾರದು" ಎಂದೆ. "ಉದ್ದ ಮುಟ್ಟುವುದಿಲ್ಲ" ಎಂದು ಅವರು ಮಾತು ಕೊಟ್ಟರು. ನೀರಿಗೆ ಬಾಳಿಕೆ ಬರುವ ಬೋಗಿ ಮರವೇ ಆಗಬೇಕೆಂದು ಹುಡುಕಿಸಿ ತಂದರು, ಮರ ಆರಬೇಕೆಂದು ಕಾಯಿಸಿದರು, ನಡುವೆ ಯಾರದೋ ಗೃಹಪ್ರವೇಶಕ್ಕೆಂದು ಮಾಯವಾದರು. ಅಂಗಳದಲ್ಲಿ ನೆಲವಿಲ್ಲದ ದೋಣಿ ಬಾಯಿ ಕಳೆದು ನಿಂತಿತ್ತು. ದಾರಿಯಲ್ಲಿ ಹೋಗುವವರೆಲ್ಲ ಒಳಗೆ ಬಗ್ಗಿ ನೋಡಿ, "ಎಂತ ಮಾಷ್ಟ್ರೆ, ಮತ್ಸ್ಯೋದ್ಯಮವಾ?" ಎಂದು ಕೇಳತೊಡಗಿದರು. ಸಾಯಂಕಾಲ ವಾರಿಜ ಟ್ರೇಲರಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮಲ್ಲಿಗೆ ಕಟ್ಟುತ್ತಿದ್ದಳು. ಒಮ್ಮೊಮ್ಮೆ ದೋಣಿಯ ಬದಿಯನ್ನು ಕೈಯಿಂದ ಸವರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟ.

ಕೊನೆಗೂ ಮರ ಸಿದ್ಧವಾಗಿ ಜಾಗದಲ್ಲಿ ಕೂತಿತು. ನೋಡಲು ಚಂದವೆಂದರೆ ಚಂದ, ದೇವಸ್ಥಾನಕ್ಕೆ ಇಡುವ ಹಾಗಿತ್ತು. ಫೈಬರ್ ಹಾಕುವ ಮೊದಲು ಇಂಜಿನ್ ಇಟ್ಟು ನೋಡುವ ಎಂದು ಲಾರೆನ್ಸ್ ಸರಪಳಿ ಕಟ್ಟಿ ಇಂಜಿನ್ ಇಳಿಸಿದರು. ಇಳಿಯಿತು, ಕೂತಿತು, ಆದರೆ ನೀರಿನೊಳಗಿನ ಫ್ಯಾನು ತಿರುಗಿಸುವ ಹಿಂದಿನ ಕಬ್ಬಿಣದ ದಂಡಕ್ಕೆ ಸೇರಲಿಲ್ಲ. ಇಂಜಿನ್ ಒಂದು ಅಂಗುಲ ಮೇಲೆ, ದಂಡ ಕೆಳಗೆ. ಲಾರೆನ್ಸ್ ಮಲಗಿ ನೋಡಿದರು, ಕೂತು ನೋಡಿದರು. "ಮರದ ಎತ್ತರ ಒಂದು ಅಂಗುಲ ಜಾಸ್ತಿ ಉಂಟು ಸರ್" ಎಂದರು. ನನ್ನ ರಕ್ತ ಕುದಿಯಿತು. ಎಲ್ಲೂರಿಗೆ ಫೋನು ಹೋಯಿತು, ಆಚಾರ್ರು ಬಂದರು.

"ಜಾಸ್ತಿ ಆದದ್ದಲ್ಲ, ನಾನೇ ಮಾಡಿದ್ದು" ಎಂದರು ಅವರು, ಏನೂ ಆಗದವರ ಹಾಗೆ. "ಹಳೆಯ ಅಳತೆಗೆ ಧೂಮಾಯ ಬರ್ತದೆ. ಮನುಷ್ಯರು ಕೂರುವಲ್ಲಿ ಧೂಮಾಯ ಆಗ್ತದಾ? ಒಂದು ಅಂಗುಲ ಏರಿಸಿದೆ, ವೃಷಭಾಯ ಬಂತು. ಉದ್ದ ಮುಟ್ಟಬೇಡಿ ಅಂತ ನೀವು ಹೇಳಿದ್ರಿ, ಮುಟ್ಟಲಿಲ್ಲ."

ತಿಳಿಯದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಮನೆ ಕಟ್ಟುವಾಗ ಅಳತೆಗೆ ಆಯ ನೋಡುತ್ತಾರೆ. ಆಚಾರ್ರ ಲೆಕ್ಕದಲ್ಲಿ ಉದ್ದಕ್ಕೆ ಎತ್ತರ ಕೂಡಿಸಬೇಕು, ಮೂರರಿಂದ ಗುಣಿಸಬೇಕು, ಎಂಟರಿಂದ ಭಾಗಿಸಬೇಕು. ಶೇಷ ಒಂದು ಉಳಿದರೆ ಧ್ವಜ, ಎರಡು ಉಳಿದರೆ ಹೊಗೆ, ಮೂರಾದರೆ ಸಿಂಹ, ನಾಲ್ಕಾದರೆ ನಾಯಿ, ಹೀಗೆ ಎತ್ತು, ಕತ್ತೆ, ಆನೆ, ಕಾಗೆ. ಬೆಸ ಸಂಖ್ಯೆ ಶುಭ, ಸಮ ಸಂಖ್ಯೆ ಅಶುಭ. ಜೀವಮಾನವಿಡೀ ಮಕ್ಕಳಿಗೆ ಭಾಗಾಕಾರ ಕಲಿಸಿದ ನನಗೆ ಶೇಷದೊಳಗೆ ಇಷ್ಟು ಪ್ರಾಣಿಗಳಿರುವುದು ಗೊತ್ತಿರಲಿಲ್ಲ. "ಇದು ಮನೆಯಲ್ಲ ಆಚಾರ್ರೆ, ದೋಣಿ! ಅಮೆರಿಕದ ದೋಣಿ! ಇದಕ್ಕೆ ಆಯ ನೋಡಿ ಅಂತ ಯಾರು ಹೇಳಿದ್ದು ನಿಮಗೆ?" ಎಂದು ಕೂಗಿದೆ.

"ನೀವೇ."

"ನಾನಾ?"

"ಮತ್ತೆ? ದೋಣಿಯಲ್ಲಿ ಆಯ ತಪ್ಪಿದೆ, ಬಿದ್ದೆ, ಮರ ಬದಲಿಸಬೇಕು ಅಂತ ಫೋನಿನಲ್ಲಿ ಹೇಳಿದ್ದು ನೀವೇ ಅಲ್ವಾ? ಕಲಿತವರು, ಲೆಕ್ಕ ಹಾಕಿಯೇ ಹೇಳಿದ್ದಾರೆ ಅಂತ ನಾನು ತಿಳ್ಕೊಂಡದ್ದು."

ಆಯ ತಪ್ಪುವುದೆಂದರೆ ಸಮತೋಲ ತಪ್ಪಿ ಬೀಳುವುದು, ಅಷ್ಟೇ. ಇದನ್ನು ನಾನು ಕನ್ನಡ ಪಂಡಿತರ ಧಾಟಿಯಲ್ಲಿ ವಿವರಿಸಿದೆ. ಆಚಾರ್ರು ತಾಳ್ಮೆಯಿಂದ ಕೇಳಿ, "ಅದೇ ಹೇಳುವುದು. ಅಳತೆಯ ಆಯ ತಪ್ಪಿದ್ದಕ್ಕೇ ನಿಮ್ಮ ಆಯ ತಪ್ಪಿದ್ದು" ಎಂದರು. ವಾರಿಜ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಒಳಗಿನಿಂದ ನಗು ಕೇಳಿಸಿತು. ಸಾಕ್ಷಿಗೆ ಇರಲಿ ಎಂದು ದುಬಾಯಿಗೆ ಫೋನು ಮಾಡಿ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದೆ. ಸದಾನಂದ ಎಲ್ಲ ಕೇಳಿ, "ಧೂಮಾಯವಾ? ಹೌದು ಭಾವ, ಆ ಇಂಜಿನ್ ಮೊದಲಿನಿಂದಲೂ ಹೊಗೆ ಬಿಡ್ತಿತ್ತು" ಎಂದ. ಆಚಾರ್ರು ನನ್ನನ್ನು ನೋಡಿದರು. ಲಾರೆನ್ಸರೂ, ಇಗರ್ಜಿಗೆ ತಪ್ಪದೆ ಹೋಗುವವರು, "ಅದರಲ್ಲಿ ಏನೋ ಉಂಟು ಸರ್" ಎಂದರು. ವಿಚಾರವಂತನಾಗಿ ಈ ಜಿಲ್ಲೆಯಲ್ಲಿ ಬದುಕುವುದು ಎಷ್ಟು ಒಂಟಿತನದ ಕೆಲಸ ಎಂದು ನನಗೆ ಅಂದು ತಿಳಿಯಿತು.

ಮರದ ಎತ್ತರ ತಗ್ಗಿಸಲು ಆಚಾರ್ರು ಒಪ್ಪಲಿಲ್ಲ. "ಬೇಕಾದರೆ ನೀವು ಕೀಸಿ, ಉಳಿ ಕೊಡ್ತೇನೆ. ಧೂಮಾಯಕ್ಕೆ ನನ್ನ ಕೈ ಹೋಗುವುದಿಲ್ಲ. ವಾರಿಜಕ್ಕ ಕೂರುವ ದೋಣಿ" ಎಂದರು. ವಾರಿಜ ಹೊರಗೆ ಬಂದು ನಿಂತಿದ್ದಳು, ಈಗ ನಗುತ್ತಿರಲಿಲ್ಲ. ಮಳೆಗಾಲ ಬಂದರೆ ಇನ್ನೊಂದು ವರ್ಷ ಹೋಯಿತು. ನಾನು ಹಲ್ಲು ಕಚ್ಚಿಕೊಂಡು ಒಂದು ಚೀಟಿ, ಪೆನ್ಸಿಲ್ ಹಿಡಿದು ಕುಳಿತೆ. ಮೂರರಿಂದ ಗುಣಿಸಿದೆ, ಎಂಟರಿಂದ ಭಾಗಿಸಿದೆ, ನನ್ನನ್ನು ನಾನೇ ಶಪಿಸಿಕೊಂಡೆ. ಎತ್ತರ ಹಳೆಯದೇ ಇಟ್ಟು, ಮೂತಿಯ ಕಡೆ ಉದ್ದದಲ್ಲಿ ಒಂದು ಅಂಗುಲ ತೆಗೆದರೆ ಶೇಷ ಏಳು! "ಗಜಾಯ!" ಎಂದು ನಾನು ಎದ್ದು ನಿಂತು ಕಿರುಚಿದ್ದು ಪಕ್ಕದ ಮನೆಯವರಿಗೂ ಕೇಳಿಸಿತಂತೆ. ಮುಂದೆ ಒಂದು ಅಂಗುಲ ಹೋದರೆ ತೊಂದರೆಯಿಲ್ಲ ಎಂದು ಲಾರೆನ್ಸ್ ಹೇಳಿದರು. ಆಚಾರ್ರು ಬೆರಳು ಮಡಚಿ ಪರೀಕ್ಷಿಸಿ, "ಆನೆ! ಇದನ್ನು ಮೊದಲೇ ಹೇಳಬಾರದಿತ್ತಾ?" ಎಂದು ನನ್ನನ್ನೇ ಗದರಿಸಿ ಉಳಿ ಎತ್ತಿಕೊಂಡರು.

ಇಂಜಿನ್ ಕೂತಿತು. ಫೈಬರ್ ಬಿತ್ತು, ನೆಲ ಬಂತು. ಒಂದು ಬೆಳಿಗ್ಗೆ ಉದ್ಯಾವರದ ಹೊಳೆಯಲ್ಲಿ ದೋಣಿಯನ್ನು ನೀರಿಗಿಳಿಸಿದೆವು. ಲಾರೆನ್ಸ್ ಕೊಟ್ಟ ಕಿತ್ತಳೆ ಬಣ್ಣದ ಲೈಫ್ ಜಾಕೆಟನ್ನು ನಾನು ಮನೆಯಲ್ಲೇ ತೊಟ್ಟು, ಅದರಲ್ಲೇ ಕಾಫಿ ಕುಡಿದು, ಅದರಲ್ಲೇ ಕಾರಿನಲ್ಲಿ ಕುಳಿತು ಬಂದಿದ್ದೆ. ಆಚಾರ್ರು ತೆಂಗಿನಕಾಯಿ ಒಡೆದರು. ವಾರಿಜ ಸೀರೆಯ ಮೇಲೆಯೇ ಜಾಕೆಟ್ ಬಿಗಿದುಕೊಂಡು, ನೆರಿಗೆ ಎತ್ತಿ ಸಿಕ್ಕಿಸಿ, ಮೊಣಕಾಲುದ್ದ ನೀರಿಗಿಳಿದು, ಯಾರ ಕೈಯನ್ನೂ ಹಿಡಿಯದೆ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತಳು. ನೆಲವನ್ನು ಕಾಲಿನಿಂದ ಒಮ್ಮೆ ಒತ್ತಿ ನೋಡಿದಳು. "ಗಟ್ಟಿ ಉಂಟು, ಬನ್ನಿ" ಎಂದಳು.

ನಾನು ಒಂದು ಕಾಲು ಮುಂದಿಟ್ಟೆ. ಎದುರಿಗೆ ಹೊಳೆಯಿತ್ತು. ಇಷ್ಟು ದಿನ ಮರ, ಅಳತೆ, ಅಮೆರಿಕ ಎಂದು ಕೂಗಾಡುವಾಗ ದೋಣಿ ಎಂದರೆ ನೀರಿನ ಮೇಲೆ ಹೋಗುವ ವಸ್ತು ಎಂಬುದು ನನ್ನ ತಲೆಗೆ ಸರಿಯಾಗಿ ಹೋಗಿರಲಿಲ್ಲ. ಹೊಳೆ ಅಲುಗಾಡುತ್ತಿತ್ತು, ಅಡಿ ಕಾಣುತ್ತಿರಲಿಲ್ಲ. ನನ್ನ ಇನ್ನೊಂದು ಕಾಲು ಬರಲೇ ಇಲ್ಲ. ಆಗ ನನ್ನದೇ ಬಾಯಿಂದ ಒಂದು ಮಾತು ಹೊರಟಿತು: "ವಾರಿಜ, ಇವತ್ತು ಮಂಗಳವಾರ ಅಲ್ವಾ? ಹೊಸ ಕೆಲಸಕ್ಕೆ ಒಳ್ಳೆ ದಿನ ಅಲ್ಲ. ಗುರುವಾರ ಬರುವ."

ಲಾರೆನ್ಸ್ ಬೇಕೆಂದೇ ಇಂಜಿನ್ನಿನ ಕಡೆ ತಿರುಗಿದರು. ಆಚಾರ್ರು ಮೆಲ್ಲನೆ, "ಮಾಷ್ಟ್ರೆ, ಇವತ್ತು ಬುಧವಾರ. ದಿನ ನಾನೇ ನೋಡಿದ್ದು" ಎಂದರು.

ವಾರಿಜ ನನ್ನನ್ನು ಒಂದು ಗಳಿಗೆ ನೋಡಿದಳು. ಬಯ್ಯಲಿಲ್ಲ. "ಆಚಾರ್ರೆ, ನೀವು ಬನ್ನಿ. ಲಾರೆನ್ಸ್, ಹೋಗುವ" ಎಂದಳು. ಆಚಾರ್ರು ನನ್ನ ಸೀಟಿನಲ್ಲಿ ಕುಳಿತರು. ಇಂಜಿನ್ ಗುಡುಗಿತು, ದೋಣಿ ಒಮ್ಮೆ ಮೂತಿ ಎತ್ತಿ, ಹೊಳೆ ಕಡಲು ಸೇರುವ ಅಳಿವೆಯ ಕಡೆ ಹೊರಟಿತು. ವಾರಿಜ ಎದುರಿನ ಗಾಜು ಹಿಡಿದು ಎದ್ದು ನಿಂತದ್ದು, ಸೆರಗು ಹಾರಿದ್ದು, ಅವಳು ಕೈ ಚಾಚಿ ಆಚಾರ್ರಿಗೆ ಏನನ್ನೋ ತೋರಿಸಿದ್ದು ಕಂಡಿತು. ಆಮೇಲೆ ತಿರುವಿನಲ್ಲಿ ದೋಣಿ ಮರೆಯಾಯಿತು. ಗಾಳ ಹಾಕುತ್ತಿದ್ದ ಒಬ್ಬ ಮುದುಕ ನನ್ನನ್ನೂ ನನ್ನ ಕಿತ್ತಳೆ ಜಾಕೆಟನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, "ನೀವು ಹೋಗ್ಲಿಲ್ವಾ?" ಎಂದು ಕೇಳಿದ. "ಯಾರಾದರೊಬ್ಬರು ದಡದಲ್ಲಿ ಇರಬೇಕಲ್ಲ" ಎಂದು ಅವನ ಮೇಲೆ ರೇಗಿದೆ. ಇರಲಿ. ಆದರೆ ಆ ತಿರುವಿನಲ್ಲಾದರೂ ಅವಳು ಒಮ್ಮೆ ಹಿಂದಿರುಗಿ ನೋಡಬಹುದಿತ್ತು. ನೋಡಲಿಲ್ಲ. ನಾನು ಇಷ್ಟೆಲ್ಲ ಸಿಟ್ಟು ಖರ್ಚು ಮಾಡಿ ಸರಿಪಡಿಸಿದ ದೋಣಿಯಲ್ಲಿ, ನಾನಿಲ್ಲದೆ ಅವಳು ಅಷ್ಟು ಸಂತೋಷವಾಗಿರುವುದು ಯಾವ ನ್ಯಾಯ, ನೀವೇ ಹೇಳಿ.