ಬರ್ಲಿನ್ ಗೋಡೆಯ ಜಾಗ ಯಾರ ಖಾತೆಗೆ ಹೋಯಿತೆಂಬ ಬಗ್ಗೆ

ಸಂಖ್ಯೆ: ವಿಶ್ವ/ಪ್ರಶ್ನೆ/ಬಾಕಿ/೧೭/೨೦೨೪-೨೫

ವಿಷಯ: ಖಾತೆ ಬದಲಾವಣೆಗೆ ಬಂದವರು ಕಿಟಕಿಯಲ್ಲಿ ವಿಶ್ವ ಇತಿಹಾಸ ಕೇಳುತ್ತಿರುವ ಕುರಿತು.

ಉಲ್ಲೇಖ: ಯಗಟಿಯ ಶ್ರೀಮತಿ ಕಲ್ಲಮ್ಮ ಕೋಂ ದಿ. ಗಿರಿಯಪ್ಪ ಇವರ ಬಾಯಿಮಾತಿನ ಪ್ರಶ್ನೆ.

ಸದರಿ ಕಲ್ಲಮ್ಮನವರು ಗಂಡನ ಎರಡೆಕರೆ ಹೊಲವನ್ನು ತಮ್ಮ ಹೆಸರಿಗೆ ಮಾಡಿಸಲು ಬಂದು, ಸರದಿ ಬಾರದ್ದರಿಂದ ಮೊಮ್ಮಗಳ ರಸಪ್ರಶ್ನೆ ಪುಸ್ತಕವನ್ನು ಪೂರ್ತಿ ಓದಿ ಮುಗಿಸಿರುತ್ತಾರೆ. ತರುವಾಯ ಗುಮಾಸ್ತ ಶ್ರೀ ಚಂದ್ರಕುಮಾರ್ ಅವರನ್ನು, "ಬರ್ಲಿನ್‌ನಾಗೆ ಗೋಡೆ ಕೆಡವಿದ್ರಂತಲ್ಲ ಸಾಮಿ, ಆ ಜಾಗ ಯಾರ ಖಾತೆಗೆ ಹೋಯ್ತು?" ಎಂದು ಕೇಳಿರುತ್ತಾರೆ. ಸದರಿ ನೌಕರರು ತಲೆಯೆತ್ತದೆ, ಅಭ್ಯಾಸಬಲದಿಂದ ಇದನ್ನೂ ಅರ್ಜಿಯೆಂದು ನೋಂದಾಯಿಸಿ, ಹೊಲದ ಅರ್ಜಿಯ ಜೊತೆ ಒಂದೇ ಕಡತಕ್ಕೆ ಹೊಲಿದಿರುತ್ತಾರೆ. ಹೊಲಿದ ಕಡತವನ್ನು ಬಿಚ್ಚಲು ಅವಕಾಶವಿಲ್ಲ. ಬರ್ಲಿನ್ ಇತ್ಯರ್ಥವಾಗದೆ ಯಗಟಿ ಕದಲುವಂತಿಲ್ಲ.

ಆದ್ದರಿಂದ ಸಕಲರಿಗೂ ತಿಳಿಯಪಡಿಸುವುದೇನೆಂದರೆ:

೧. ಕಡೂರು, ತರೀಕೆರೆ, ಅಜ್ಜಂಪುರ ಸರಹದ್ದಿನಲ್ಲಿ ಸದರಿ ಗೋಡೆ ಇಲ್ಲವೆಂದು ಗ್ರಾಮ ಸಹಾಯಕರು ಹೊಲ ಹೊಲ ಸುತ್ತಿ ವರದಿ ನೀಡತಕ್ಕದ್ದು. "ಕೆಡವಿದ್ ಗೋಡೆ ಇಲ್ಲ ಅಂತ ಎಂಗ್ ಬರ್ಕೊಡಾದು ಸಾರ್?" ಎಂಬ ಅಜ್ಜಂಪುರದ ಸಹಾಯಕ ಹಾಲೇಶ್ ಅವರ ಆಕ್ಷೇಪಣೆಯನ್ನು ತಳ್ಳಿಹಾಕಲಾಗಿದೆ.

೨. ಗೋಡೆಯ ಎರಡೂ ಬದಿಯ ಖಾತೆದಾರರು ಪಹಣಿ ಸಮೇತ ಖುದ್ದು ಹಾಜರಾಗಬೇಕು. ಜರ್ಮನಿಯಿಂದ ಬರುವವರು ಕಡೂರಿನಲ್ಲಿ ಬಸ್ಸಿನ ವೇಳೆ ವಿಚಾರಿಸಿಕೊಳ್ಳುವುದು.

೩. ದ್ವೀಪಕ್ಕೆ ಹೋದ ನೆಪೋಲಿಯನ್ನನ ಪಡಿತರ ಚೀಟಿ ಅಲ್ಲಿಗೆ ವರ್ಗವಾಯಿತೇ ಎಂಬುದು ಎರಡನೇ ಕಿಟಕಿಗೆ ಸೇರಿದ್ದು. ಆ ಕಿಟಕಿಯವರು ಊಟಕ್ಕೆ ಹೋಗಿರುತ್ತಾರೆ.

೪. ಕ್ಲಿಯೋಪಾತ್ರಳ ಬಗ್ಗೆ ಕೇಳುವವರು ವಂಶವೃಕ್ಷ ಪ್ರಮಾಣಪತ್ರ ಲಗತ್ತಿಸತಕ್ಕದ್ದು. ತಮ್ಮದಲ್ಲ, ಆಕೆಯದು.

೫. ತಪ್ಪಿನ ಅರಿವಾದಂದಿನಿಂದ ಶ್ರೀ ಚಂದ್ರಕುಮಾರ್ ಅವರಿಗೆ ಊಟ ಸೇರುತ್ತಿಲ್ಲವೆಂಬುದು ಗಮನಕ್ಕೆ ಬಂದಿದೆ. "ನಂದೇ ತಪ್ಪು ಸಾರ್, ದಾರ ನಾನೇ ಕುಯ್ತೀನಿ, ಆ ಅವ್ವನ್ ಕೆಲ್ಸ ಮಾಡ್ಕೊಡಾಣ" ಎಂಬ ಅವರ ಕೋರಿಕೆಯನ್ನು, ಕನಿಕರಕ್ಕೆ ನಿಗದಿತ ನಮೂನೆ ಇಲ್ಲದ ಕಾರಣ ತಿರಸ್ಕರಿಸಿ, ಕತ್ತರಿಯನ್ನು ವಶಪಡಿಸಿಕೊಳ್ಳಲಾಗಿದೆ.

೬. "ನನ್ ಹೊಲ ಎಂದ್ ಸಾಮಿ ನನ್ ಹೆಸ್ರಿಗೆ ಆಗಾದು?" ಎಂದು ಕಲ್ಲಮ್ಮನವರು ದಿನವೂ ಕೇಳುತ್ತಿರುವುದು ಇನ್ನೂ ನಡೆಯದ ಸಂಗತಿಯಾದ್ದರಿಂದ ಇತಿಹಾಸದ ವ್ಯಾಪ್ತಿಗೆ ಬರುವುದಿಲ್ಲ. ಸಿಬ್ಬಂದಿ ಉತ್ತರಿಸಕೂಡದು.

ಸಹಿ/- (ಓದಲಾಗುವುದಿಲ್ಲ)
ಅಧೀಕ್ಷಕರು (ಪ್ರಭಾರ), ವಿಶ್ವ ವಿಷಯಗಳ ಶಾಖೆ

ಪ್ರತಿಗಳು:
೧. ಬರ್ಲಿನ್ ನಗರಾಡಳಿತಕ್ಕೆ, ಹೋಬಳಿಯ ಹೆಸರು ತಿಳಿಸುವಂತೆ ಕೋರಿ.
೨. ಶ್ರೀ ಹಾಲೇಶ್ ಅವರಿಗೆ, ಹುಡುಕಾಟ ಮುಂದುವರಿಸಲು.
೩. ಶ್ರೀಮತಿ ಕಲ್ಲಮ್ಮ, ಯಗಟಿ, ಇವರಿಗೆ. ಸದರಿಯವರು ಎಂಟು ತಿಂಗಳಿಂದ ಕಚೇರಿಯ ಬೆಂಚಿನ ಮೇಲೆಯೇ ಇರುವುದರಿಂದ ಅಂಚೆಯ ಅಗತ್ಯ ಕಂಡುಬರುವುದಿಲ್ಲ.